ಹೊನ್ನಾರಿನ ಸಾಲು

ಕರೀಕಲ್ಲಿನ ಹತ್ತಿರ ನೇಗಿಲು ನಿಲ್ಲಬೇಕಿತ್ತು. ನಿಲ್ಲಲಿಲ್ಲ.

ಯುಗಾದಿಯ ದಿನ ವರ್ಷದ ಮೊದಲ ಉಳುಮೆ, ಹೊನ್ನಾರು. ಊರಿನ ಪರವಾಗಿ ಒಬ್ಬ ಉಳುತ್ತಾನೆ, ಮಿಕ್ಕವರು ಹಿಂದೆ ಬರುತ್ತಾರೆ. ಶೆಟ್ಟಿಹಳ್ಳಿಯಲ್ಲಿ ಆ ಸಾಲು ಗೋಮಾಳದ ಅಂಚಿನ ಕರೀಕಲ್ಲಿಗೆ ಮುಗಿಯಬೇಕು. ಅದರಾಚೆ ಸರ್ಕಾರದ ಜಮೀನು, ಊರ ದನಗಳ ಹುಲ್ಲು. ಹೊನ್ನಾರಿನ ಎತ್ತಿಗೆ ಯಾರೂ ಅಡ್ಡ ಬರಬಾರದು, ಬಂದರೆ ಊರಿಗೇ ಕೇಡು. ಈ ಸಲ ನೇಗಿಲ ಮೇಣಿ ಹಿಡಿದ ಚಿಕ್ಕಹನುಮಯ್ಯ ನೆಚ್ಚಿಕೊಂಡದ್ದು ಆ ನೇಮವನ್ನೇ. ಗೋಮಾಳ ಉತ್ತವರ ಹೆಸರಿಗೇ ಜಮೀನು ಮಂಜೂರಾಗುತ್ತದಂತೆ ಎಂದು ಯಲಹಂಕದಿಂದ ಸುದ್ದಿ ತಂದವನೂ ಅವನೇ. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ!

ನೇಗಿಲ ಗುಳ ಹುಲ್ಲಿಗಿಳಿಯಿತು. ಹೋದ ವಾರದ ಮಳೆಗೆ ಚಿಗುರಿದ್ದ ಗರಿಕೆ ಬೇರು ಸಮೇತ ಮಗುಚಿಕೊಂಡಿತು. ಹಿಂದಿದ್ದ ಗಂಡಸರು ಮುಖ ಮುಖ ನೋಡಿಕೊಂಡರೇ ಹೊರತು ಒಬ್ಬನೂ ಬಾಯಿ ಬಿಡಲಿಲ್ಲ.

ಬಾಯಿ ಬಿಟ್ಟವಳು ಲಕ್ಕಮ್ಮ, ಚಿಕ್ಕಹನುಮಯ್ಯನ ಸತ್ತ ಅಣ್ಣನ ಹೆಂಡತಿ. ಅವಳಿಗೆ ಗೇಣು ಹೊಲವಿರಲಿಲ್ಲ. ಎರಡೆಮ್ಮೆ, ಅವಕ್ಕೆ ಈ ಹುಲ್ಲು, ಅಷ್ಟೇ ಅವಳ ಬದುಕು. ಹುಲ್ಲು ಕೊಯ್ಯುತ್ತಿದ್ದ ಕುಡುಗೋಲು ಹಿಡಿದೇ ಓಡಿಬಂದು ಎತ್ತಿನ ಮುಂದೆ ನಿಂತಳು.

"ನಿಲ್ಸೋ ಅನುಮಯ್ಯ! ನನ್ನೆಮ್ಮೆ ಎಲ್ ಮೇಯ್ಬೇಕೋ?"

"ಒನ್ನಾರಿಗೆ ಅಡ್ಡ ಬರ್ತೀಯಾ, ಮುಂಡೆ? ಅತ್ಲಾಗ್ ಓಗು!"

"ಎಲ್ಲಾ ಉತ್ತಾಕ್ಬುಟ್ರೆ ನಾಳೀಕೆ ನಿನ್ನೆತ್ತು ಏನ್ ತಿಂತದೆ? ಮಣ್ಣಾ?"

ಅವನು ಬಾರುಕೋಲು ಬೀಸಿದ. ಅವಳ ಕಿವಿ ಹರಿದು ಸೆರಗು ಕೆಂಪಾಯಿತು. "ಬ್ಯಾಡ ಕಣೋ, ಎಣ್ಣೆಂಗ್ಸು!" ಎಂದು ಹಿಂದಿದ್ದ ಗಂಡಸರಲ್ಲೊಬ್ಬ, ಪಿಳ್ಳಪ್ಪ, ಕೂಗಿದ. ಕೂಗಿದನೇ ಹೊರತು ನಿಂತ ಜಾಗ ಬಿಡಲಿಲ್ಲ, ಹೇಡಿ.

ಲಕ್ಕಮ್ಮನಿಗೆ ಭಯವಿರಲಿಲ್ಲವೆಂದಲ್ಲ. ಸಿಟ್ಟು ಅದಕ್ಕಿಂತ ದೊಡ್ಡದಿತ್ತು. ಎತ್ತಿನ ಕೊರಳನ್ನು ನೊಗಕ್ಕೆ ಬಿಗಿದಿದ್ದ ಹಗ್ಗಕ್ಕೆ ಕುಡುಗೋಲು ಹಾಕಿ ಎಳೆದಳು. ಹಗ್ಗ ತುಂಡಾಗಿ ನೊಗ ವಾಲಿತು, ಎಡಗಡೆಯ ಎತ್ತು ಬೆದರಿ ಹೊರಗೆ ಹಾರಿತು. ಇಡೀ ಊರಿನ ಕಣ್ಣೆದುರು ಹೊನ್ನಾರು ನಿಂತುಹೋಯಿತು.

ಚಿಕ್ಕಹನುಮಯ್ಯ ಕೋಲು ತಿರುಗಿಸಿ ಬುಡದಿಂದ ಅವಳ ತಲೆಗೆ ಹೊಡೆದ. ಸಾಲಿನೊಳಗೆ ಬಿದ್ದವಳಿಗೆ ಮತ್ತೆ ಹೊಡೆದ. ಮೂರನೆಯ ಏಟಿಗೆ ಕೈಯೆತ್ತಿದಾಗ ಅವಳ ಕುಡುಗೋಲು ಅವನ ಹಿಮ್ಮಡಿಯ ನರ ಕಚ್ಚಿತು. ಅವನು ಅರಚಿಕೊಂಡು ಅವಳ ಪಕ್ಕದಲ್ಲೇ ಉರುಳಿದ. ತಾನೇ ಮಗುಚಿದ ಹಸಿ ಮಣ್ಣಿನಲ್ಲಿ ಎದ್ದು ನಿಲ್ಲಲು ನೋಡಿದ. ಕಾಲು ಮಾತು ಕೇಳಲಿಲ್ಲ.

ಆಗ ಬಂದರು ಗಂಡಸರು. ಪಿಳ್ಳಪ್ಪ ಲಕ್ಕಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಅವಳ ಮೂಗಿನಿಂದ ರಕ್ತ ಇಳಿಯುತ್ತಿತ್ತು.

"ಎಮ್ಮೆ ಬಿಚ್ರೋ," ಅಂದಳು. "ಒತ್ತಾಯ್ತು, ಅಸ್ಕಂಡಿರ್ತವೆ."

ಅದೇ ಅವಳ ಕೊನೆಯ ಮಾತು.

ಬಿಡಿಸಿಕೊಂಡ ಎತ್ತನ್ನು ಹಿಡಿಯಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅದು ಕೊಂಬಿಗೆ ಕಟ್ಟಿದ್ದ ಹೂವಿನ ಸಮೇತ ಸ್ವಲ್ಪ ಆಚೆ ಹೋಗಿ, ನೇಗಿಲು ಇನ್ನೂ ಮುಟ್ಟದಿದ್ದ ಹುಲ್ಲಿಗೆ ಬಾಯಿ ಹಾಕಿತು.