ಒಂದು ಬೆನ್ನಿನ ಐದು ಅಚ್ಚುಗಳು

ಬೀಗದ ಕಾರ್ಖಾನೆಯ ಯಜಮಾನರು ಒಂದೇ ಕಂಪನಿಯ ದುಬಾರಿ ಓಟದ ಕಾರನ್ನು ಹನ್ನೊಂದು ವರ್ಷಗಳಲ್ಲಿ ಐದು ಸಲ ಕೊಂಡರು ಎಂಬಲ್ಲಿಯವರೆಗೆ ಹೇಳುವವರೆಲ್ಲರೂ ಒಪ್ಪುತ್ತಾರೆ. ಏಕೆ ಕೊಂಡರು ಎಂಬಲ್ಲಿ ಮಾತ್ರ ಬಾಯಿಗೊಂದು ಕಥೆ. ಕಾರ್ಖಾನೆಯ ಕಾವಲುಗಾರನ ಪ್ರಕಾರ ಅದು ವೇಗದ ಹುಚ್ಚು. ಆದರೆ ಅವರು ಕಾರು ಓಡಿಸುವುದನ್ನು ಕಣ್ಣಾರೆ ಕಂಡವರು ಈ ಮಾತಿಗೆ ನಗುತ್ತಾರೆ. ಗಂಟೆಗೆ ಮುನ್ನೂರು ಕಿಲೋಮೀಟರ್ ಹೋಗಬಲ್ಲ ಆ ಗಾಡಿಯನ್ನು ಅವರು ಹಾಲಿನ ವ್ಯಾನಿನ ಹಿಂದೆ, ಅದನ್ನು ದಾಟುವ ಗೋಜಿಗೂ ಹೋಗದೆ, ಮನೆಯಿಂದ ಕಾರ್ಖಾನೆಯವರೆಗೆ ತರುತ್ತಿದ್ದರು. ಎದುರುಮನೆಯ ಹಲ್ಲಿನ ಡಾಕ್ಟರ ಪ್ರಕಾರ ಅದು ದೊಡ್ಡಸ್ತಿಕೆ. ದೊಡ್ಡಸ್ತಿಕೆಯಾದರೆ ನೋಡುವ ಕಣ್ಣು ಬೇಕು. ಐದೂ ಕಾರುಗಳು ಬೂದು ಬಣ್ಣದವು, ಐದಕ್ಕೂ ಬೂದು ಹೊದಿಕೆ, ಅದರ ಮೇಲೆ ಗ್ಯಾರೇಜಿನ ಬಾಗಿಲಿಗೆ ತಮ್ಮದೇ ಕಾರ್ಖಾನೆಯ ಬೀಗ. ಯಜಮಾನರಿಗೆ ಹೆಂಡತಿ ಮಕ್ಕಳಿರಲಿಲ್ಲ. ದೂರದಲ್ಲಿದ್ದ ಅಕ್ಕ ಒಬ್ಬಳು ಭಾನುವಾರ ಭಾನುವಾರ ಫೋನು ಮಾಡುತ್ತಿದ್ದಳು.

“ಮತ್ತೊಂದು ಕಾರಿಗೆ ಹೇಳಿದ್ದೀಯಂತೆ?”

“ಹೂಂ ಅಕ್ಕ.”

“ಅದೇ ಕಂಪನೀದೇ?”

“ಅದೇ.”

“ಈಗಿರೋದೇ ಐದು ಕಾರು, ಹತ್ತು ಸೀಟು. ಕೂರೋನು ನೀನೊಬ್ಬ. ಅದರ ಬದಲು ಒಂದು ಬಸ್ ತಗೊಂಡಿದ್ರೆ ದಾರೀಲಿ ಯಾರಾದ್ರೂ ಹತ್ಕೊಳ್ಳೋರು.”

“ಬಸ್ಸಲ್ಲಿ ಅಳತೆ ತಗೊಂಡು ಸೀಟು ಮಾಡಿಕೊಡಲ್ಲ ಅಕ್ಕ.”

“ಮೊದಲು ನಿನ್ನ ತಲೆ ಅಳತೆ ತಗೋಬೇಕು,” ಎಂದು ಅಕ್ಕ ನಕ್ಕು, ಮೊಮ್ಮಗಳು ಅಳುತ್ತಿದ್ದಾಳೆಂದು ಫೋನು ಇಟ್ಟಳು.

ಅಕ್ಕ ಕೇಳಿದ್ದು ತಮಾಷೆಗೆ. ಯಜಮಾನರು ಹೇಳಿದ್ದು ನಿಜ.

ಆ ಕಂಪನಿಯವರದ್ದು ಒಂದು ಪದ್ಧತಿ. ಕಾರು ಯಾರದೋ ಅವರ ಬೆನ್ನಿಗೆ ಹೊಂದುವಂತೆ ಚಾಲಕನ ಸೀಟನ್ನು ಕೈಯಿಂದಲೇ ಮಾಡಿಕೊಡುತ್ತಾರೆ. ಅದಕ್ಕಾಗಿ ಸೀಟಿನ ಮೇಸ್ತ್ರಿಯೊಬ್ಬರು ಮನೆಗೇ ಬರುತ್ತಾರೆ. ಕೊಳ್ಳುವವನನ್ನು ಒಂದು ಪೊಳ್ಳು ಸೀಟಿನಲ್ಲಿ ಕೂರಿಸಿ, ಬೆನ್ನ ಹಿಂದೆ ಸಣ್ಣ ಮಣಿಗಳು ತುಂಬಿದ ದಪ್ಪ ಚೀಲವಿಟ್ಟು, ಬೆನ್ನಿನ ಏರುತಗ್ಗುಗಳಿಗೆ ಚೀಲವನ್ನು ಒತ್ತಿ ಒತ್ತಿ ಕೂರಿಸುತ್ತಾರೆ. ಆಮೇಲೆ ಚೀಲದೊಳಗಿನ ಗಾಳಿಯನ್ನು ಎಳೆದರೆ ಮಣಿಗಳು ಒಂದಕ್ಕೊಂದು ಕಚ್ಚಿಕೊಂಡು ಕಲ್ಲಾಗುತ್ತವೆ. ಆ ಗುಂಡಿಗೆ ಗಾರೆ ಹೊಯ್ದು ಬೆನ್ನಿನ ಅಚ್ಚು ತೆಗೆಯುವುದು, ಅಚ್ಚಿನ ಮೇಲೆ ಸೀಟು ಕಟ್ಟುವುದು. ಎಲ್ಲ ಸೇರಿ ಮುಕ್ಕಾಲು ಗಂಟೆಯ ಕೂರಾಟ.

ಮೊದಲ ಸಲ ಮೇಸ್ತ್ರಿ ಬಂದಾಗ ಯಜಮಾನರಿಗೆ ಐವತ್ತೆರಡು. ಆ ವೇಳೆಗೆ ಅವರನ್ನು ಮುಟ್ಟುವವರೆಂದರೆ ತಿಂಗಳಿಗೊಮ್ಮೆ ಕೂದಲು ಕತ್ತರಿಸುವವನು ಮಾತ್ರ, ಅವನದೂ ಕಿವಿಯಿಂದ ಮೇಲಕ್ಕಷ್ಟೇ. ಡಾಕ್ಟರು ಪರದೆ ನೋಡಿಕೊಂಡೇ ಔಷಧ ಬರೆಯುತ್ತಿದ್ದರು. ಮೇಸ್ತ್ರಿ ಅಂಗಿಯ ತೋಳು ಮಡಚಿ, ಎರಡೂ ಅಂಗೈಗಳನ್ನು ಒಂದಕ್ಕೊಂದು ಉಜ್ಜಿ ಬೆಚ್ಚಗೆ ಮಾಡಿಕೊಂಡು, ಅವರ ಬೆನ್ನ ಮೇಲೆ ಇಟ್ಟರು.

“ಬಿಡಿ ಸರ್.”

“ಏನನ್ನ?”

“ಬೆನ್ನನ್ನ. ಹಿಡ್ಕೊಂಡಿದ್ದೀರಿ.”

“ಹಿಡ್ಕೊಂಡಿಲ್ಲವಲ್ಲ.”

“ಹಿಡ್ಕೊಂಡಿರೋರಿಗೆ ಗೊತ್ತಾಗಲ್ಲ ಸರ್. ಉಸಿರು ಪೂರ್ತಿ ಹೊರಗೆ ಬಿಡಿ. ನಾನಿದ್ದೀನಿ.”

ಯಜಮಾನರು ಉಸಿರು ಬಿಟ್ಟರು. ಬೆನ್ನು ತಾನಾಗಿ ಕುಸಿದು ಆ ಅಂಗೈಗಳ ಮೇಲೆ ಕುಳಿತಿತು. ಆಮೇಲೆ ಚೀಲವನ್ನು ಬೆನ್ನಿಗೆ ಒತ್ತಿ ಹಿಡಿದರೆ, ಮಣಿಗಳು ಗಟ್ಟಿಯಾಗುವವರೆಗೆ ಮೇಸ್ತ್ರಿ ಕೈ ತೆಗೆಯುವಂತಿರಲಿಲ್ಲ. ಆದ್ದರಿಂದ ಹಾಗೇ ನಿಂತು ಮಾತಾಡಿದರು. ತಮ್ಮ ಮಂಡಿನೋವಿನ ಮಾತು, ಹೆಂಡತಿಯ ಗೊರಕೆಯ ಮಾತು, ಯಾವ ತರಕಾರಿ ಮಾಡಿದರೂ ಮೂಗು ಮುರಿಯುವ ಮಗಳ ಮಾತು. ಯಜಮಾನರು ಹೂಂಗುಟ್ಟುತ್ತ ಕೇಳಿದರು. ಅಂದು ಮಧ್ಯಾಹ್ನ ಅವರು ಕಾರ್ಖಾನೆಗೆ ಹೋಗಲಿಲ್ಲ. ಮನೆಯಲ್ಲಿಯೇ ಕುರ್ಚಿಯ ಮೇಲೆ, ಬೆನ್ನನ್ನು ಎಲ್ಲಿಗೂ ಆನಿಸದೆ, ಬಹಳ ಹೊತ್ತು ಕುಳಿತಿದ್ದರು.

ಕಾರು ಬಂದ ತಿಂಗಳಿಗೆ ಮೇಸ್ತ್ರಿ ವಾಡಿಕೆಯಂತೆ ವಿಚಾರಿಸಲು ಬಂದರು. ಸೀಟು ಹೇಗಿದೆ ಎಂದರು. ಚೆನ್ನಾಗಿದೆ ಎಂದುಬಿಟ್ಟರೆ ಅವರು ಚೀಲ ಹೆಗಲಿಗೇರಿಸಿ ಹೊರಟೇಬಿಡುತ್ತಾರೆ ಎಂಬುದು ಯಜಮಾನರಿಗೆ ಆ ಕ್ಷಣದಲ್ಲಿ ಹೊಳೆಯಿತು.

“ಇಲ್ಲಿ, ಎಡಭುಜದ ಕೆಳಗೆ, ಏನೋ ಒತ್ತಿದ ಹಾಗೆ,” ಎಂದರು.

ಮೇಸ್ತ್ರಿಯ ಹುಬ್ಬು ಗಂಟಿಕ್ಕಿತು. ಅವರು ಚೀಲ ಕೆಳಗಿಟ್ಟು, ಅಂಗೈ ಉಜ್ಜಿಕೊಂಡು, ಮೊದಲಿನಿಂದ ಶುರುಮಾಡಿದರು.

ಒಂದು ಸೀಟನ್ನು ಮೂರು ಸಲದ ಮೇಲೆ ತಿದ್ದುವಂತಿಲ್ಲವೆಂಬುದು ಕಂಪನಿಯ ಕಟ್ಟಳೆ. ಮೂರೂ ಸಲ ಮುಗಿದವು. ಇನ್ನು ಮೇಸ್ತ್ರಿ ಬರಬೇಕಾದರೆ ಇನ್ನೊಂದು ಸೀಟು ಬೇಕು, ಇನ್ನೊಂದು ಸೀಟು ಬೇಕಾದರೆ ಇನ್ನೊಂದು ಕಾರು ಬೇಕು. ಹೀಗೆ ಎರಡನೆಯದು ಬಂತು, ಮೂರನೆಯದು ಬಂತು, ಐದರವರೆಗೆ ಬಂತು. ಪ್ರತಿ ಸಲವೂ ಎಡಭುಜದ ಕೆಳಗೆ ಅದೇ ಒತ್ತು. ಯಜಮಾನರಿಗೆ ಇದು ಸುಳ್ಳೆಂದೇ ಅನ್ನಿಸುತ್ತಿರಲಿಲ್ಲ. ಯಾರ ಕಿಸೆಗೂ ಕತ್ತರಿ ಬೀಳದ, ಯಾರಿಗೂ ನೋವಾಗದ ಒಂದು ಸಣ್ಣ ಮಾತು ಎಂದೇ ತಿಳಿದಿದ್ದರು.

ಆರನೆಯ ಕಾರಿಗೆ ಹೇಳಿದ ಮೇಲೆ, ಅಳತೆಯ ದಿನ ಗೊತ್ತುಮಾಡಲು ಮಾರಾಟದ ಹೆಂಗಸಿಗೆ ಫೋನು ಮಾಡಿದರು.

“ಈ ಸಲ ಮೇಸ್ತ್ರಿ ಬರಲ್ಲ ಸರ್. ಕ್ಯಾಮೆರಾದವರು ಬರ್ತಾರೆ. ಎರಡೇ ನಿಮಿಷದ ಕೆಲಸ, ನಿಮ್ಮನ್ನ ಮುಟ್ಟೋದೂ ಇಲ್ಲ.”

“ಮೇಸ್ತ್ರಿಗೆ ಹುಷಾರಿಲ್ವಾ?”

“ಚೆನ್ನಾಗೇ ಇದ್ದಾರೆ.” ಆಕೆ ದನಿ ತಗ್ಗಿಸಿದಳು. “ನೀವು ಹಳೇ ಗಿರಾಕಿ, ಮುಚ್ಚಿಡಲ್ಲ. ಅವರೇ ಬರೆದುಕೊಟ್ಟಿದ್ದಾರೆ. ಈ ಒಬ್ಬರ ಕೆಲಸ ನನ್ನ ಕೈಲಿ ಆಗಲ್ಲ, ಬೇರೆಯವರಿಗೆ ಕೊಡಿ ಅಂತ. ಬೇಜಾರು ಮಾಡ್ಕೋಬೇಡಿ ಸರ್.”

ಯಜಮಾನರು ಮರುದಿನ ಬೆಳಗ್ಗೆಯೇ ಹೊರಟರು. ಕಾರು ಕಂಪನಿಯ ಕಾರ್ಯಾಗಾರ ನಾಲ್ಕು ತಾಸಿನ ದಾರಿ. ಮೇಸ್ತ್ರಿಯನ್ನು ಹೇಗಾದರೂ ಮಾಡಿ ಒಪ್ಪಿಸಬೇಕು, ಅಷ್ಟೇ ಅವರ ತಲೆಯಲ್ಲಿದ್ದುದು. ನೀವಲ್ಲದೆ ಬೇರೆಯವರ ಕೈ ನನಗೆ ಒಗ್ಗುವುದಿಲ್ಲ ಎಂಬ ಮಾತನ್ನು ದಾರಿಯುದ್ದಕ್ಕೂ ಹತ್ತಾರು ಬಗೆಯಲ್ಲಿ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿದರು.

ಸೀಟಿನ ವಿಭಾಗ ಉದ್ದನೆಯ ಕೋಣೆ. ತೊಗಲಿನ ವಾಸನೆ, ಅಂಟಿನ ವಾಸನೆ. ಕಿಟಕಿಯ ಪಕ್ಕ ನಡುವಯಸ್ಸಿನ ಹೆಂಗಸೊಬ್ಬಳು ದೊಡ್ಡ ಯಂತ್ರದ ಮುಂದೆ ಕುಳಿತು ತೊಗಲು ಹೊಲಿಯುತ್ತಿದ್ದಳು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ.

“ಯಾರು ಬೇಕಿತ್ತು?”

“ಮೇಸ್ತ್ರಿಗಳು.”

“ಉಗ್ರಾಣಕ್ಕೆ ಹೋಗಿದ್ದಾರೆ, ಬರ್ತಾರೆ. ನಿಂತಿರಿ.”

ಯಜಮಾನರು ನಿಂತಲ್ಲೇ ತಿರುಗಿ ಬಾಗಿಲ ಕಡೆ ನೋಡಿದರು. ಅವರ ಬೆನ್ನು ಆಕೆಯ ಕಣ್ಣಿಗೆ ಬಿತ್ತು. ಯಂತ್ರ ನಿಂತಿತು.

“ಓ. ನೀವಾ.”

“ನನ್ನ ಗುರುತು ಇದೆಯಾ ನಿಮಗೆ?”

“ಮುಖ ಇವತ್ತೇ ನೋಡಿದ್ದು. ಬೆನ್ನು ಹನ್ನೊಂದು ವರ್ಷದಿಂದ ಗೊತ್ತು.”

ಆಕೆ ಗದ್ದದಿಂದ ಗೋಡೆ ತೋರಿಸಿದಳು. ಐದು ಮೊಳೆಗಳಿಗೆ ಐದು ಗಾರೆಯ ಅಚ್ಚುಗಳನ್ನು ತೂಗುಹಾಕಿದ್ದರು. ಐದೂ ಒಂದೇ ಬೆನ್ನು. ಎಡಭುಜ ಅರ್ಧ ಬೆರಳು ತಗ್ಗು, ನಡುವೆ ಸಣ್ಣ ಓರೆ. ಎಡಭುಜದ ಕೆಳಗಿನ ಜಾಗ ಮಾತ್ರ ಐದರಲ್ಲೂ ಪೆನ್ಸಿಲಿನ ಗೀಟುಗಳಿಂದ ಕಪ್ಪಾಗಿತ್ತು. ಮುಟ್ಟಿ ಮುಟ್ಟಿ ಅಲ್ಲಿ ಗಾರೆಗೆ ಎಣ್ಣೆ ಸವರಿದಂತಹ ಹೊಳಪು ಬಂದಿತ್ತು.

“ಊಟದ ಹೊತ್ತಲ್ಲಿ ಮೇಸ್ತ್ರಿ ಅಣ್ಣ ಇದರ ಮುಂದೇನೇ ಕೂರೋದು. ಒಂದು ಕೈಲಿ ಡಬ್ಬಿ, ಇನ್ನೊಂದು ಕೈ ನಿಮ್ಮ ಬೆನ್ನ ಮೇಲೆ. ಅಣ್ಣನ ಎರಡನೇ ಸಂಸಾರ ಅಂತ ನಾವೆಲ್ಲ ನಗ್ತಿದ್ವಿ.” ಆಕೆ ನೂಲಿನ ತುದಿಯನ್ನು ಹಲ್ಲಿನಿಂದ ಕಡಿದಳು. “ಈಗ ನಗಲ್ಲ.”

ಅಷ್ಟರಲ್ಲಿ ಮೇಸ್ತ್ರಿ ಬಂದರು. ಯಜಮಾನರನ್ನು ಕಂಡು ಬಾಗಿಲಲ್ಲೇ ನಿಂತರು. ಯಾವಾಗಲೂ ಮಾತಿನ ಮಲ್ಲರಾಗಿದ್ದವರು ಕೈಯೊಳಗಿನ ಬಟ್ಟೆಯಿಂದ ಇಲ್ಲದ ಅಂಟನ್ನು ಒರೆಸಿಕೊಳ್ಳತೊಡಗಿದರು.

“ನೀವು ಇಲ್ಲೀವರೆಗೆ ಬರಬಾರದಿತ್ತು ಸರ್.”

“ನೀವು ಬರಲ್ಲ ಅಂದ್ರಂತೆ.”

“ಯಾವ ಮುಖ ಇಟ್ಕೊಂಡು ಬರಲಿ? ಮೂವತ್ತು ವರ್ಷದಿಂದ ಇದೇ ಕೆಲಸ. ಗೂನು ಬೆನ್ನಿಗೆ ಮಾಡಿದ್ದೀನಿ, ಆಪರೇಷನ್ ಆದ ಬೆನ್ನಿಗೆ ಮಾಡಿದ್ದೀನಿ. ಒಬ್ಬರೂ ತಿರುಗಿ ಮಾತಾಡಿಲ್ಲ. ನಿಮ್ಮ ಹತ್ತಿರ ಐದು ಸಲ ಸೋತೆ.” ಮೇಸ್ತ್ರಿ ಗೋಡೆಯ ಕಡೆ ನೋಡಲಿಲ್ಲ. “ಪಾಪ, ಈ ಸೀಟು ಆಗಲಿಲ್ಲ ಅಂತ ಆ ಕಾರು, ಅದೂ ಆಗಲಿಲ್ಲ ಅಂತ ಇನ್ನೊಂದು ಕಾರು. ನನ್ನ ಕೈ ತಪ್ಪಿಗೆ ನೀವು ಕಾರು ಕೊಳ್ತಾ ಹೋದ್ರಿ. ಈಗ ಬೇರೆಯವರ ಬೆನ್ನು ಮುಟ್ಟಿದ್ರೂ ಅನುಮಾನ. ಕೈ ಸರಿ ಅನ್ನುತ್ತೆ, ನನಗೆ ನಂಬಿಕೆ ಬರಲ್ಲ.”

ಯಜಮಾನರು ಗೋಡೆಯ ಮೇಲಿನ ಐದು ಅಚ್ಚುಗಳ ಕಡೆ ಕಣ್ಣು ಹಾಯಿಸಿದರು.

“ನೇರವಾಗಿ ಒಂದು ಮಾತು ಕೇಳ್ತೀನಿ,” ಎಂದರು ಮೇಸ್ತ್ರಿ. “ಐದನೇದರಲ್ಲೂ ಒತ್ತುತ್ತಾ? ಒತ್ತುತ್ತೆ ಅನ್ನಿ, ಕೊಟ್ಟಿರೋ ಚೀಟಿ ವಾಪಸ್ ತಗೋತೀನಿ. ಇನ್ನೊಂದು ಸಲ ನಾನೇ ಬರ್ತೀನಿ. ಎಷ್ಟು ದಿನ ಆದ್ರೂ ಸರಿ, ಅದೇನು ಅಂತ ಕಂಡುಹಿಡಿದೇ ಹಿಡೀತೀನಿ. ಇದನ್ನ ಹೀಗೆ ಬಿಟ್ಟು ಹೋಗೋಕೆ ನನಗೂ ಮನಸ್ಸಿಲ್ಲ.”

ಹೌದು ಎಂಬ ಎರಡಕ್ಷರ ಸಾಕಿತ್ತು. ಆರನೆಯ ಕಾರಿನ ಅಳತೆ, ತಿಂಗಳ ಮೇಲೊಂದು ಭೇಟಿ, ಮೂರು ತಿದ್ದುಪಡಿ, ಬೆಚ್ಚನೆಯ ಎರಡು ಅಂಗೈ, ಮಗಳ ಮಾತು, ಮಂಡಿಯ ಮಾತು, ಎಲ್ಲವೂ ಆ ಎರಡಕ್ಷರದ ಆಚೆ ಸಾಲಾಗಿ ನಿಂತಿದ್ದವು. ಯಜಮಾನರು ಬಾಯಿ ತೆರೆದರು. ಆದರೆ ಅವರೂ ಕಸುಬಿನವರು. ನಿಮ್ಮ ಬೀಗ ತೆರೆಯುವುದಿಲ್ಲ ಎಂದು ಗಿರಾಕಿಯೊಬ್ಬ ತಂದು ಮೇಜಿನ ಮೇಲಿಟ್ಟರೆ, ಅದನ್ನು ಮಾಡಿದ ಕೆಲಸಗಾರನ ಮುಖ ಹೇಗಾಗುತ್ತದೆಂದು ನಲವತ್ತು ವರ್ಷಗಳಿಂದ ನೋಡಿದ್ದರು. ಅದೇ ಮುಖ ಈಗ ಎದುರಿಗಿತ್ತು.

“ಇಲ್ಲ,” ಎಂದರು. “ಒತ್ತಲ್ಲ.”

“ಐದನೇದರಲ್ಲಿ?”

“ಯಾವುದರಲ್ಲೂ. ಮೊದಲನೇ ಸೀಟೇ ಸರಿಯಾಗಿತ್ತು. ಐದೂ ಸರಿಯಾಗಿದ್ವು.”

ಹೊಲಿಗೆಯ ಹೆಂಗಸು ತಲೆಯೆತ್ತಿದಳು. ಮೇಸ್ತ್ರಿಯ ಕೈಯ ಬಟ್ಟೆ ನಿಂತಿತು.

“ಒತ್ತುತ್ತೆ ಅಂತಿದ್ರಲ್ಲ.”

“ಅಂತಿದ್ದೆ.”

“ಯಾಕೆ?”

“ನೀವು ಇನ್ನೊಂದು ಹತ್ತು ನಿಮಿಷ ಇರಲಿ ಅಂತ.”

“ಹನ್ನೊಂದು ವರ್ಷ ರೀ,” ಎಂದರು ಮೇಸ್ತ್ರಿ. ಅಷ್ಟು ವರ್ಷಗಳಲ್ಲಿ ಅವರು ಸರ್ ಎನ್ನದೆ ಮಾತಾಡಿದ್ದು ಅದೊಂದೇ ಸಲ.

ಯಜಮಾನರು ತಲೆ ತಗ್ಗಿಸಿದರು.

“ಅದಕ್ಕೆ ಕಾರು ಯಾಕೆ ಬೇಕಿತ್ತು,” ಎಂದಳು ಹೆಂಗಸು. “ಒಂದು ಲೋಟ ಕಾಫಿ ಕುಡ್ಕೊಂಡು ಹೋಗಿ ಅಂದಿದ್ರೆ ಅಣ್ಣ ಸಂಜೇವರೆಗೆ ಕೂತು ಕಿವಿ ತೂತು ಮಾಡಿರೋರು.”

“ಕಾಫಿಗೆ ಕರೆದ್ರೆ ಒಲ್ಲೆ ಅನ್ನಬಹುದು ಕಣಮ್ಮ. ಅಳತೆಗೆ ಕರೆದ್ರೆ ಬರಲೇಬೇಕು.”

ಮೇಸ್ತ್ರಿಗೆ ಈ ಮಾತು ಕೇಳಿಸಿತೋ ಇಲ್ಲವೋ. ಅವರು ಆಗಲೇ ಗೋಡೆಯ ಕಡೆ ತಿರುಗಿದ್ದರು. ಅಚ್ಚಿನಿಂದ ಅಚ್ಚಿಗೆ ಕಣ್ಣು ಹಾಯಿಸುತ್ತ ಹೋದಂತೆ ಅವರ ಬಿಗಿದ ಭುಜಗಳು ಸ್ವಲ್ಪ ಸ್ವಲ್ಪವೇ ಸಡಿಲವಾದವು. ಐದನೆಯದನ್ನು ತಲುಪುವಾಗ ಅವರ ಮುಖದ ಮೇಲೆ ನಗು ಮೂಡಿತ್ತು. ಮೂಲೆಯಿಂದ ಪರೀಕ್ಷೆಯ ಸೀಟೊಂದನ್ನು ದರದರನೆ ಎಳೆದು ಕೋಣೆಯ ನಡುವೆ ಇಟ್ಟರು. ಕಾರಿಗೆ ಹಾಕುವ ಮೊದಲು ನೋಡಲೆಂದು ಐದನೆಯ ಅಚ್ಚಿನ ಮೇಲೆ ಕಟ್ಟಿದ್ದ ಮಾದರಿ ಸೀಟು ಅದು.

“ಕೂತ್ಕೊಳ್ಳಿ ಸರ್. ಒಂದು ಸಲ ಕಣ್ತುಂಬ ನೋಡ್ತೀನಿ.”

ಯಜಮಾನರು ಬಗ್ಗಿ, ನೆಲಕ್ಕೆ ತಾಗುವಂತಿದ್ದ ಆ ಸೀಟಿನೊಳಗೆ ಇಳಿದು ಕುಳಿತರು. ಹಳೆಯ ರೂಢಿಯಂತೆ ಉಸಿರನ್ನು ಪೂರ್ತಿ ಹೊರಗೆ ಬಿಟ್ಟು, ಬೆನ್ನು ಸಡಿಲಿಸಿ, ಕಣ್ಣು ಮುಚ್ಚಿದರು. ಅಂಗೈ ಉಜ್ಜುವ ಸದ್ದಿಗೆ ಕಾದರು.

ಮೇಸ್ತ್ರಿ ನಾಲ್ಕು ಹೆಜ್ಜೆ ದೂರದಲ್ಲಿ ಎರಡೂ ಕೈಗಳನ್ನು ಹಿಂದೆ ಕಟ್ಟಿಕೊಂಡು ನಿಂತಿದ್ದರು. ಆ ಕಡೆಯಿಂದ ನೋಡಿದರು. ಈ ಕಡೆಯಿಂದ ನೋಡಿದರು. ಸುತ್ತು ಹಾಕಿ ಬಂದರು.

“ನೋಡಮ್ಮ, ಎಲ್ಲಾದ್ರೂ ಸಂದು ಇದೆಯಾ?”

ಹೆಂಗಸು ಎದ್ದು ಬಂದು ಬಗ್ಗಿ ನೋಡಿದಳು. “ಇಲ್ಲ ಅಣ್ಣ. ಕೂದಲೆಳೆಯೂ ತೂರಲ್ಲ.”

“ಕೈ ಇಡೋ ಅಗತ್ಯವೇ ಇಲ್ಲ,” ಎಂದರು ಮೇಸ್ತ್ರಿ. ಆ ಮಾತಿನಲ್ಲಿ ವರ್ಷಗಳಿಂದ ಇಲ್ಲದಿದ್ದ ಹಿಗ್ಗಿತ್ತು. “ಆಫೀಸಿನವರಿಗೆ ಹೇಳಿ ಬರ್ತೀನಿ, ಕೊಟ್ಟಿದ್ದ ಚೀಟಿ ಹರಿದುಹಾಕಲಿ. ಇನ್ನು ಯಾರ ಬೆನ್ನು ಬರುತ್ತೋ ಬರಲಿ. ನಿಮ್ಮಿಂದ ದೊಡ್ಡ ಉಪಕಾರ ಆಯ್ತು ಸರ್.” ಮಂಡಿನೋವನ್ನು ಮರೆತವರಂತೆ ಅವರು ಬಾಗಿಲು ದಾಟಿ ಹೋದರು. ಮೊಗಸಾಲೆಯಲ್ಲಿ ಯಾರನ್ನೋ ಕೂಗಿ ಕರೆದದ್ದು ಕೇಳಿಸಿತು. ಆಮೇಲೆ ಇಬ್ಬರ ನಗು, ದೂರ ಸರಿಯುತ್ತ.

ಯಜಮಾನರು ಸೀಟಿನಲ್ಲಿಯೇ ಕುಳಿತಿದ್ದರು. ಹೆಂಗಸು ಸ್ವಲ್ಪ ಹೊತ್ತು ನೋಡಿದಳು. ಸೀಟು ತಗ್ಗು, ಯಜಮಾನರಿಗೆ ವಯಸ್ಸು. ಅವಳು ಕೈ ಚಾಚಿದಳು.

“ಏಳೋಕೆ ಕೈ ಕೊಡ್ಲಾ ಸರ್?”

“ಬೇಡಮ್ಮ, ಏಳ್ತೀನಿ.”

ಎಷ್ಟೋ ವರ್ಷಗಳಿಂದ ಯಾರು ಏನು ಕೇಳಿದರೂ ಹೇಳಿ ಹೇಳಿ ನಾಲಿಗೆಗೆ ರೂಢಿಯಾಗಿದ್ದ ಮಾತು, ಕೇಳಿದ್ದೇನೆಂದು ಮನಸ್ಸಿಗೆ ಮುಟ್ಟುವ ಮೊದಲೇ ಹೊರಬಿದ್ದಿತ್ತು. ಯಜಮಾನರು ತಲೆಯೆತ್ತಿ ತಮ್ಮ ಕೈಯನ್ನು ಮುಂದೆ ಚಾಚುವ ವೇಳೆಗೆ ಹೆಂಗಸು ತನ್ನ ಜಾಗಕ್ಕೆ ಹೋಗಿ ಕುಳಿತಿದ್ದಳು, ಯಂತ್ರ ಮತ್ತೆ ಶುರುವಾಗಿತ್ತು.