ಹತ್ತನೇ ನಂಬರಿನವಳು

ಭಾವ ಚಪ್ಪಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದ. ಕಡುಗೆಂಪು ಬಣ್ಣ, ನಾಲ್ಕು ಬೆರಳೆತ್ತರದ ಹಿಮ್ಮಡಿ. ಅಟ್ಟದ ಮೇಲಿನ ಹಳೆಯ ಫ್ಯಾನಿನ ಡಬ್ಬದಲ್ಲಿ, ಒಂದು ಹಸಿರು ಗೌನಿನ ಜೊತೆ ಸಿಕ್ಕಿದ್ದು.

"ಹತ್ತನೇ ನಂಬರು! ಹೆಂಗಸೇನಮ್ಮಾ ಇವಳು, ದೀಪದ ಕಂಬಾನಾ?"

"ನಗಬೇಡ ಅಣ್ಣ, ನನ್ನ ಹೊಟ್ಟೆ ಉರೀತಿದೆ," ಎಂದಳು ಅವನ ತಂಗಿ. "ಮದುವೆಯಾಗಿ ಹನ್ನೊಂದು ವರ್ಷ. ಚಪ್ಪಲಿ ಕಾರ್ಖಾನೇಲಿ ದುಡಿಯೋ ಗಂಡ ನನಗೆ ಅಂತ ಒಂದು ಜೊತೆ ಹೊಲೀಲಿಲ್ಲ. ಇವಳಿಗೆ ನೋಡು, ಒಳಗಡೆ ಮೆತ್ತೆ ಬೇರೆ!"

ಅವಳ ಗಂಡ ಮಂಚದ ಅಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದ. ಹೊಲಿಗೆ ಅವನದೇ. ಅವನ ಕೈಕೆಲಸವನ್ನು ಕಾರ್ಖಾನೆಯಲ್ಲಿ ಯಾರು ಬೇಕಾದರೂ ಗುರುತು ಹಿಡಿಯುತ್ತಿದ್ದರು, ಇನ್ನು ಹೆಂಡತಿ ಬಿಡುತ್ತಾಳೆಯೇ? ಗಂಡಸರ ಬೂಟಿನ ಅಚ್ಚಿನ ಮೇಲೆ ಉಳಿದ ಚರ್ಮವನ್ನು ಎಳೆದು ಕೂರಿಸಿ, ಊಟದ ಬಿಡುವಿನಲ್ಲಿ ಎರಡು ತಿಂಗಳು ಕೆಲಸ ಮಾಡಿದ್ದ. ಕೇಳಿದವರಿಗೆ ನಾಟಕದವರದ್ದು ಎಂದಿದ್ದ.

ಡಬ್ಬ ಸಿಕ್ಕಿ ಮೂರು ವಾರವಾಗಿತ್ತಂತೆ. ಅಂದಿನಿಂದ ಅವಳು ಬೀದಿಯ ಹೆಂಗಸರ ಮುಖ ನೋಡುವುದನ್ನೇ ಬಿಟ್ಟು ಬರೀ ಕಾಲು ನೋಡಿಕೊಂಡು ತಿರುಗಿದ್ದಳು. ಹುಡುಕಿ ಹುಡುಕಿ ಕೊನೆಗೆ ಅವಳ ಕಣ್ಣು ಬಿದ್ದದ್ದು ಕೆಳಗಿನ ಮನೆಯ ಡ್ರಾಯಿಂಗ್ ಟೀಚರ ಮೇಲೆ. ಕಟ್ಟಡದ ಮಕ್ಕಳೆಲ್ಲ ಆಕೆಯನ್ನು ಏಣಿ ಟೀಚರ್ ಎನ್ನುತ್ತಿದ್ದರು. ಅಷ್ಟೆತ್ತರದವಳ ಪಾದ ಚಿಕ್ಕದಿರಲು ಸಾಧ್ಯವೇ ಎಂಬುದು ಇವಳ ಲೆಕ್ಕ.

"ನೋಡಪ್ಪಾ," ಭಾವ ದನಿ ತಗ್ಗಿಸಿದ. "ಗಂಡಸು ಅಂದ್ಮೇಲೆ ಒಂದ್ಸಲ ಕಾಲು ಜಾರುತ್ತೆ. ತಪ್ಪಾಯ್ತು ಅಂದ್ಬಿಡು. ಇವಳು ನಾಲ್ಕು ದಿನ ಅತ್ತು ಸುಮ್ಮನಾಗ್ತಾಳೆ."

ಎಷ್ಟು ಸಲೀಸು! ಇಲ್ಲದ ಹೆಂಗಸೊಬ್ಬಳ ಬೆನ್ನ ಹಿಂದೆ ಅಡಗಿಕೊಂಡರೆ ಸಾಕು, ಮನೆ ಉಳಿಯುತ್ತಿತ್ತು. ಮಾತು ನಾಲಿಗೆಯ ತುದಿಗೆ ಬಂದೂ ಬಿಟ್ಟಿತ್ತು.

"ಬೆಳಿಗ್ಗೇನೇ ಆ ಟೀಚರ್ ಗಂಡನಿಗೆ ಹೇಳಿ ಬಂದಿದ್ದೀನಿ," ಎಂದಳು ಹೆಂಡತಿ. "ನಿಮ್ಮ ಹೆಂಡತೀನ ಹದ್ದುಬಸ್ತಿನಲ್ಲಿ ಇಟ್ಕೊಳ್ಳಿ ಅಂತ. ಅವಳು ಪಾತ್ರೆ ತೊಳೀತಿದ್ದಳು. ಕೈಲಿದ್ದ ಲೋಟ ಬಿತ್ತು. ತಪ್ಪಿಲ್ಲದವಳ ಕೈಯಿಂದ ಲೋಟ ಯಾಕೆ ಬೀಳುತ್ತೆ?"

ಗಂಡ ತಲೆಯೆತ್ತಿದ.

"ಅವರಲ್ಲ."

"ಮತ್ಯಾರು?"

"ಯಾರೂ ಇಲ್ಲ. ಚಪ್ಪಲಿ ನಂದು."

"ನೀವು ಹೊಲಿದಿದ್ದು ಅಂತ ಗೊತ್ತು ರೀ..."

"ಹೊಲಿದಿದ್ದೂ ನಾನೇ, ಹಾಕ್ಕೊಳ್ಳೋದೂ ನಾನೇ. ಗೌನೂ ನಂದೇ. ನೀನು ತವರಿಗೆ ಹೋದಾಗ ಬಾಗಿಲು ಹಾಕಿ ತೊಟ್ಕೋತೀನಿ, ಮನೆಯೊಳಗೇ ಓಡಾಡ್ತೀನಿ. ಅಷ್ಟೇ ಕಣೇ. ನಿನ್ನಾಣೆ, ಬೇರೆ ಯಾರೂ ಇಲ್ಲ."

ಭಾವ ಹೊಟ್ಟೆ ಹಿಡಿದುಕೊಂಡು ನಕ್ಕ. ನಗು ನಿಂತ ಮೇಲೆ ಅವನ ಮುಖ ಗಂಟಾಯಿತು. "ಸುಳ್ಳು ಹೇಳೋದಾದ್ರೆ ನಂಬೋ ಹಾಗಾದ್ರೂ ಹೇಳಯ್ಯ. ಅವಳನ್ನ ಉಳಿಸೋಕೆ ಇಷ್ಟು ಕೆಳಗಿಳೀತೀಯಾ?"

ಇದನ್ನು ಅವನು ಎಣಿಸಿರಲಿಲ್ಲ. ಯಾರಿಗೂ ಗೊತ್ತಾಗದಿರಲಿ ಎಂದು ಇಪ್ಪತ್ತು ವರ್ಷ ಜೀವ ಕೈಯಲ್ಲಿ ಹಿಡಿದು ಬದುಕಿದ್ದ. ಈಗ ತಾನಾಗಿ ಬಾಯಿಬಿಟ್ಟರೆ ನಂಬುವವರೇ ಇಲ್ಲ. ಎದ್ದು ಭಾವನ ಕೈಯಿಂದ ಚಪ್ಪಲಿ ಕಿತ್ತುಕೊಂಡ. ಕಾಲಿಗೆ ಹಾಕಿ, ನೋಡದೆಯೇ ಬಕಲ್ ಬಿಗಿದ. ಅಡುಗೆಮನೆಯ ಬಾಗಿಲವರೆಗೆ ನಡೆದು ತಿರುಗಿ ಬಂದ. ಒಂದು ಹೆಜ್ಜೆಯಾದರೂ ತಡವರಿಸಿದ್ದರೆ ಅವರು ನಗಬಹುದಿತ್ತು. ತಡವರಿಸಲಿಲ್ಲ.

ಭಾವ ಗೋಡೆಯ ಕಡೆ ತಿರುಗಿಕೊಂಡ. ಚೀಲ ಹೆಗಲಿಗೇರಿಸುತ್ತ, "ಹೆಂಗಸೊಬ್ಬಳು ಇದ್ದಿದ್ರೇ ಚೆನ್ನಾಗಿತ್ತು," ಎಂದಷ್ಟೇ ಹೇಳಿ, ತಂಗಿಯ ಮುಖವನ್ನೂ ನೋಡದೆ ಹೊರಟುಹೋದ.

ಅವಳು ನೆಲದ ಮೇಲೆ ಕುಸಿದು ಕೂತಿದ್ದಳು. "ಅವಳು ಯಾರೋ ಒಬ್ಬಳು ಇದ್ದಿದ್ರೆ ಜುಟ್ಟು ಹಿಡಿದು ಜಗಳ ಆಡ್ತಿದ್ದೆ. ಈಗ ಯಾರ ಜುಟ್ಟು ಹಿಡೀಲಿ, ಹೇಳಿ?"

ಅವನಿಗೆ ಸಾಯುವಷ್ಟು ನಾಚಿಕೆಯಾಯಿತು. ಚಪ್ಪಲಿ ಬಿಚ್ಚಿಟ್ಟು ಬಾಗಿಲ ಕಡೆ ನಡೆದ.

"ಎಲ್ಲಿಗೆ?"

"ಕೆಳಗೆ. ಟೀಚರ್ ಮನೆಗೆ."

"ಏನೋ ತಪ್ಪು ತಿಳಿದ್ವಿ ಅಂತ ಹೇಳಿ. ಇದನ್ನ ಮಾತ್ರ ಹೇಳಬೇಡಿ ರೀ, ನಿಮ್ಮ ಕಾಲಿಗೆ ಬೀಳ್ತೀನಿ. ನಾಳೆಯಿಂದ ನಾನು ಈ ಮೆಟ್ಟಿಲು ಹೇಗೆ ಇಳೀಲಿ?"

"ಬರೀ ತಪ್ಪು ತಿಳಿದ್ವಿ ಅಂದ್ರೆ ಆತ ನಂಬ್ತಾನಾ? ನೀನಾಗಿದ್ರೆ ನಂಬ್ತಿದ್ಯಾ?"

ಅವನು ಮೆಟ್ಟಿಲಿಳಿದ.

ಬಾಗಿಲು ತೆರೆದವನು ಟೀಚರ ಗಂಡ. ಔಷಧಿ ಅಂಗಡಿ ಇಟ್ಟಿದ್ದವನು ಇವತ್ತು ಅಂಗಡಿ ತೆರೆಯಲು ಹೋಗಿರಲಿಲ್ಲ. ಅವನ ಹಿಂದೆ, ಟೀಚರು ಮಕ್ಕಳ ಚಿತ್ರದ ಪುಸ್ತಕಗಳನ್ನು ತೊಡೆಯ ಮೇಲಿಟ್ಟುಕೊಂಡು ಒಂದನ್ನೂ ತೆರೆಯದೆ ಕೂತಿದ್ದರು. ಅತ್ತು ಅತ್ತು ಕಣ್ಣು ಊದಿತ್ತು.

"ಏನು ಬೇಕಿತ್ತು?"

"ಆ ಚಪ್ಪಲಿ..." ಮೆಟ್ಟಿಲಿಳಿಯುವಾಗ ಜೋಡಿಸಿಕೊಂಡ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಆತ ಕದ ಮುಚ್ಚತೊಡಗಿದ. ಇವನು ಬಾಗಿಲ ಚೌಕಟ್ಟಿಗೆ ಕೈ ಕೊಟ್ಟು ನಿಂತ.

"ಅದು ಇವರದೇ."

ತಿರುಗಿ ನೋಡಿದರೆ ಹೆಂಡತಿ. ಮೆಟ್ಟಿಲ ತಿರುವಿನಲ್ಲಿ ಗೋಡೆ ಹಿಡಿದು ನಿಂತಿದ್ದಳು.

"ಟೀಚರ್‌ದಲ್ಲ. ಚಪ್ಪಲೀನೂ ಇವರದೇ, ಗೌನೂ ಇವರದೇ. ಇವರೇ ಹಾಕ್ಕೊಳ್ಳೋದು. ನಾನು ಕಣ್ಣಾರೆ ನೋಡಿದೆ." ಇಡೀ ಕಟ್ಟಡಕ್ಕೆ ಕೇಳುವ ಹಾಗಿತ್ತು ದನಿ. ಮೇಲೆಲ್ಲೋ ಒಂದು ಬಾಗಿಲು ತೆರೆಯಿತು. "ನನ್ನ ಬಾಯಿಗೆ ಹುಳ ಬೀಳ, ಟೀಚರ್."

ಟೀಚರು ಬಾಯಿಗೆ ಕೈ ಅಡ್ಡ ಹಿಡಿದು ಬಿಕ್ಕಿದರು. ಪುಸ್ತಕಗಳು ತೊಡೆಯಿಂದ ಜಾರಿದವು.

ಹೆಂಡತಿ ಗಂಡನ ಕಡೆ ನೋಡದೆ ತಿರುಗಿ ಮೆಟ್ಟಿಲು ಹತ್ತಿದಳು. ಮೇಲೆ ತಮ್ಮ ಮನೆಯ ಬಾಗಿಲು ಮುಚ್ಚಿದ ಸದ್ದಾಯಿತು. ಔಷಧಿ ಅಂಗಡಿಯವನು ಏನೋ ಕೇಳುತ್ತಿದ್ದ. ಇವನು ಒಂದು ನಿಮಿಷ ಎನ್ನುವಂತೆ ಕೈಯೆತ್ತಿ, ಒಳಗಿನಿಂದ ಚಿಲಕ ಬೀಳುತ್ತದೋ ಎಂದು ಕಿವಿಗೊಟ್ಟು ನಿಂತ.