ರಿಂಗಾದ್ರೆ ಸಾಕು

ಎರಡು ಸಲ ಸೋಪು ಹಾಕಿ ತೊಳೆದರೂ ಬೆರಳ ತುದಿಯಲ್ಲಿ ಆ ಸಿಹಿ ವಾಸನೆ ಹಾಗೇ ಇದೆ, ಹಲಸಿನ ಹಣ್ಣು ಕಳಿತು ಕೆಟ್ಟ ಹಾಗೆ, ಇಲ್ಲ, ಬಸ್ಸಿನೊಳಗಿನದೇ ಇರಬೇಕು, ಮುಂದಿನ ಸೀಟಿನಾಕೆ ಮುಡಿದ ಮಲ್ಲಿಗೆ ಬಾಡಿದ್ದು — ಅಲ್ಲ, ಮಲ್ಲಿಗೆ ಹೀಗೆ ಗಂಟಲು ಹಿಡಿಯುವುದಿಲ್ಲ, ಭವ್ಯಶ್ರೀ ಬೆರಳನ್ನು ಮತ್ತೆ ಮೂಗಿಗೆ ಹಿಡಿದಳು, ಅದೇ, ಬ್ಯಾಟರಿಯದೇ, ಬೆಳಿಗ್ಗೆ ಹನೂರು ಬಸ್‌ಸ್ಟ್ಯಾಂಡಿನ ಪಕ್ಕದ ತನ್ನ ಮೊಬೈಲ್ ರಿಪೇರಿ ಅಂಗಡಿಯಲ್ಲಿ, ವೇಲಿಗೆ ಹಾಕಿಕೊಂಡಿದ್ದ ಪಿನ್ನನ್ನೇ ಬಿಚ್ಚಿ, ಉಬ್ಬಿದ ಬ್ಯಾಟರಿಯ ಮೂಲೆಗೆ ಚುಚ್ಚಿದಾಗ ಉಸ್ ಎಂದು ಹೊರಬಂದದ್ದು. ಸೂಜಿಮೊನೆಯಷ್ಟು ತೂತು. ಅಷ್ಟೇ ಅಷ್ಟು. ಅದರ ಮೇಲೆ ಟೇಪು ಅಂಟಿಸಿ, ಅಂಗೈಯಿಂದ ಒತ್ತಿ ಚಪ್ಪಟೆ ಮಾಡಿ, ಹಿಂದಿನ ಮುಚ್ಚಳ ಕೂರಿಸಿ, ತಗೋ ಅಜ್ಜಿ ಸರಿಹೋಯ್ತು ಎಂದು ಕೈಗೆ ಕೊಟ್ಟಿದ್ದಳಲ್ಲ, ಎಂಥ ಧೈರ್ಯ, ಯಾರು ಕೊಟ್ಟರು ಆ ಧೈರ್ಯವನ್ನು, ಈಗ ಆ ಅಜ್ಜಿಯ ಊರು ಹೂಗ್ಯದ ಬಸ್ಸಿನಲ್ಲಿ ಕೂತು ಒಂಬತ್ತನೆಯ ಸಲ ಅಜ್ಜಿಯ ನಂಬರಿಗೆ ಫೋನ್ ಮಾಡುತ್ತಿದ್ದಾಳೆ, ರಿಂಗ್ ಆಗುತ್ತಿದೆ, ಆಗುತ್ತಲೇ ಇದೆ, ಎತ್ತುವವರಿಲ್ಲ. ಕಂಡಕ್ಟರು ಟಿಕೆಟ್ ಹರಿದು ಕೊಟ್ಟು, ಯಾಕವ್ವ ಉಸಾರಿಲ್ವಾ, ಮೊಕ ಎಲ್ಲಾ ಬೆವತ್ಬುಟ್ಟದೆ ಎಂದ. ಏನಿಲ್ಲಣ್ಣ, ಸೆಕೆ ಎಂದಳು.

ಸೆಕೆಯೇನೂ ಇರಲಿಲ್ಲ ಬೆಳಿಗ್ಗೆ, ಹತ್ತೂವರೆ ಇರಬಹುದು, ಆ ಅಜ್ಜಿ ಚಿಕ್ಕನಿಂಗಮ್ಮ ಸೆರಗಿನ ಗಂಟು ಬಿಚ್ಚಿ ಫೋನು ತೆಗೆದಳು, ಕೋಳಿಮರಿ ಎತ್ತಿಕೊಟ್ಟಷ್ಟು ನಾಜೂಕಾಗಿ, ನೋಡವ್ವ ಇದ್ಕೇನೋ ಆಗದೆ, ಚಾರ್ಜು ನಲ್ವತ್ತು ತೋರುಸ್ತದೆ, ಕಣ್ಣು ಮಿಟುಕ್ಸೋದ್ರಲ್ಲಿ ಆರೋಯ್ತದೆ, ಮುಟ್ಟುದ್ರೆ ರೊಟ್ಟಿ ಬೇಯ್ಸೋ ಅಂಚಿನಂಗೆ ಸುಡ್ತದೆ. ಭವ್ಯಶ್ರೀ ಮೊದಲು ಚಾರ್ಜರ್ ಬದಲಿಸಿ ನೋಡಿದಳು, ಚಾರ್ಜಿಂಗ್ ತೂತಿನೊಳಗೆ ಸೇರಿದ್ದ ರಾಗಿಹಿಟ್ಟಿನ ಧೂಳನ್ನು ಬ್ರಶ್ಶಿನಿಂದ ಕೆದಕಿದಳು, ಸುಮ್ಮನೆ ಓಡುತ್ತಿದ್ದ ಆಪುಗಳನ್ನು ಅಳಿಸಿದಳು, ಬೆಳಕು ಕಮ್ಮಿ ಮಾಡಿದಳು, ಆಮೇಲೆ ಬೆಳಕಿಗೆ ಓರೆಯಾಗಿ ಹಿಡಿದಾಗ ಕಂಡಿತು, ಸ್ಕ್ರೀನು ಒಂದು ಮೂಲೆಯಲ್ಲಿ ಎದ್ದಿದೆ, ಕೂದಲೆಳೆಯಷ್ಟು ಸಂದಿ. ಹಿಂದೆ ಬಿಚ್ಚಿದರೆ ಬ್ಯಾಟರಿ ಹೊಟ್ಟೆ ಉಬ್ಬಿಸಿಕೊಂಡು ಕೂತಿತ್ತು. ಇದು ಹೋಯಿತಜ್ಜಿ, ಹೊಸದು ಹಾಕಬೇಕು, ಈ ಮಾಡಲ್‌ದು ನನ್ನ ಹತ್ತಿರ ಇಲ್ಲ, ಮೈಸೂರಿಂದ ನಾಳೆ ಬರುತ್ತೆ, ಬಿಟ್ಟು ಹೋಗಿ. ಅಜ್ಜಿಯ ಮುಖ ಬಾಡಿ ಹೋಯಿತು. ಬುಟ್ಟೋಗಕಾಯ್ತದಾ, ನಾಕ್ ಗಂಟ್ಗೆ ನನ್ ಮಗ ಮಾದೇಶ ತಿರುಪೂರಿಂದ ರಿಂಗ್ ಕೊಡ್ತಾನೆ, ಬನೀನ್ ಪ್ಯಾಕ್ಟ್ರಿ, ಟೀ ಕುಡಿಯೋ ಒತ್ತು, ಆಗ್ನಿಲ್ಲ ಅಂದ್ರೆ ಅಲ್ಲೇ ಎದೆ ಒಡ್ಕತಾನೆ. ಏನೋ ಮಾಡಿಕೊಡವ್ವ ಇವತ್ತೊಂದ್ ದಿನಕ್ಕೆ, ನೀನೂ ಒಂದು ಎಣ್ ಮಗ, ನಿಂಗೆ ಗೊತ್ತಾಯ್ತದೆ. ಆ ಮಾತಿಗೆ ಕರಗಿದಳು, ಕರಗಿದ್ದಷ್ಟೇ ಅಲ್ಲ, ಕೈಲಾಗಲ್ಲ ಅನ್ನಿಸಿಕೊಳ್ಳಬಾರದು ಎಂಬ ಹಮ್ಮೂ ಇತ್ತು, ಅದನ್ನೂ ಒಪ್ಪಿಕೊಳ್ಳಬೇಕು, ಹೆಂಗಸು ಏನು ರಿಪೇರಿ ಮಾಡ್ತಾಳೆ ಎಂದು ಮೂಗು ಮುರಿದವರ ಮುಂದೆ ಮೂರು ವರ್ಷದಿಂದ ಅಂಗಡಿ ನಡೆಸುತ್ತಿದ್ದಾಳೆ. ಕೊಳ್ಳೇಗಾಲದಲ್ಲಿ ಕೆಲಸ ಕಲಿಸಿದ ಶಾಂತಮೂರ್ತಿ ಸಾರ್ ಮೊದಲ ದಿನವೇ ಹೇಳಿದ್ದರು, ನೋಡಮ್ಮ, ಉಬ್ಬಿದ್ದಕ್ಕೆ ಯಾವತ್ತೂ ಚುಚ್ಚಬೇಡ, ಚುಚ್ಚೋರು ಇದ್ದಾರೆ, ಗಾಳಿ ತೆಗೆದ್ವಿ ಅಂತಾರೆ, ಅದು ಗಾಳಿಯಲ್ಲ. ಅದು ಗಾಳಿಯಲ್ಲ. ಸಾರ್, ಒಂದು ದಿನಕ್ಕಲ್ಲವಾ ಎಂದು ಮನಸ್ಸಿನಲ್ಲೇ ಅವರಿಗೆ ಉತ್ತರ ಕೊಟ್ಟು ಪಿನ್ನು ತೆಗೆದಿದ್ದಳು. ಕೊನೆಗೆ ತನ್ನ ಬಾಯಿಂದಲೇ ಬುದ್ಧಿ ಬೇರೆ ಹೇಳಿ ಕಳಿಸಿದಳು, ಮನೆಗೆ ಹೋದ ತಕ್ಷಣ ಚಾರ್ಜಿಗೆ ಹಾಕಿ, ಸಂಜೆವರೆಗೂ ತೆಗೀಬೇಡಿ.

ತೆಗೀಬೇಡಿ ಎಂದಳಲ್ಲ. ಅಜ್ಜಿ ಹೇಳಿದ ಮಾತು ಮೀರುವವಳಲ್ಲ, ಮುಖ ನೋಡಿದರೇ ಗೊತ್ತಾಗುತ್ತದೆ. ಮಧ್ಯಾಹ್ನ ಎರಡು ಗಂಟೆವರೆಗೂ ಭವ್ಯಶ್ರೀಗೆ ಇದ್ಯಾವುದೂ ನೆನಪೇ ಇರಲಿಲ್ಲ, ಉಂಡಳು, ಡಬ್ಬಿ ತೊಳೆದಳು, ಆಗ ಬಾಗಿಲ ಬಳಿಯ ಮರಳಿನ ತಗಡಿನ ಡಬ್ಬದೊಳಗಿಂದ ಚಿಟಚಿಟ ಸದ್ದು. ಟೀ ಅಂಗಡಿ ಪುಟ್ಟಸಿದ್ದಯ್ಯನ ಫೋನಿನ ಹಳೆಯ ಬ್ಯಾಟರಿ ಅದು, ಅಜ್ಜಿ ಹೋದ ಮೇಲೆ ಅದೂ ಉಬ್ಬಿ ಬಂದಿತ್ತು, ಅವನಿಗೆ ಹೊಸದು ಹಾಕಿಕೊಟ್ಟು, ಹಳೆಯದಕ್ಕೂ ಅದೇ ಪಿನ್ನಿನಿಂದ ಚುಚ್ಚಿ ಡಬ್ಬಕ್ಕೆ ಎಸೆದಿದ್ದಳು, ಕೈ ಒಂದು ಸಲ ಕಲಿತರೆ ಮುಗಿಯಿತಲ್ಲ. ಮೊದಲು ತೂತಿನಿಂದ ಬಿಳಿ ಹೊಗೆ, ದಾರದಷ್ಟು, ಆಮೇಲೆ ಆ ಸಿಹಿ ವಾಸನೆ, ಆಮೇಲೆ ಭುಸ್ ಎಂದು ಮೊಳದುದ್ದ ಬೆಂಕಿ. ಪುಟ್ಟಸಿದ್ದಯ್ಯ ಓಡಿಬಂದು ಮರಳು ಸುರಿದ, ಏನ್ ಕಣವ್ವ ಇದು, ನನ್ ಜೇಬಲ್ಲಿ ಇತ್ತಲ್ಲವ್ವ ಇದು ಬೆಳುಗ್ಗೆ ತಂಕ ಎಂದು ನಗುತ್ತಿದ್ದ, ಅವಳು ಬಿಲ್ಲಿನ ಪುಸ್ತಕ ಎಳೆದುಕೊಂಡಳು. ಚಾರ್ಜಿಗೂ ಹಾಕಿರಲಿಲ್ಲ ಅದನ್ನು, ಸುಮ್ಮನೆ ಬಿದ್ದಿತ್ತು. ಅಂಗಡಿಯ ಶಟರು ಎಳೆದಳೋ ಇಲ್ಲವೋ, ಎರಡೂವರೆಯ ಬಸ್ಸು ಹೊರಟಿತ್ತು, ಹತ್ತಿದಳು. ಹೂಗ್ಯದಲ್ಲಿ ಅವಳ ಬಳಿ ನಂಬರಿರುವವನು ಹಾಲಿನ ಡೇರಿಯ ಹನುಮಯ್ಯ ಒಬ್ಬನೇ, ಅವನು ವ್ಯಾಪ್ತಿ ಪ್ರದೇಶದ ಹೊರಗೆ, ಮೂರು ಸಲವೂ ಹೊರಗೆ, ಕಾಡಂಚಿನ ಊರು, ಸಿಗ್ನಲ್ ಇದ್ದರೆ ಇದೆ ಇಲ್ಲದಿದ್ದರೆ ಇಲ್ಲ. ಅಜ್ಜಿಯ ನಂಬರು ಮಾತ್ರ ರಿಂಗಾಗುತ್ತದೆ, ಬಿಲ್ಲಿನ ಪ್ರತಿಯಲ್ಲಿ ಬರೆದುಕೊಂಡದ್ದು, ವಿಳಾಸವೂ ಅದರಲ್ಲೇ, ಊರಾಚೆ ಹುಣಸೇಮರದ ಸ್ಟಾಪು, ಜೋಳದ ಹೊಲದಲ್ಲಿ ಶೀಟಿನ ಮನೆ. ಎತ್ತಜ್ಜಿ, ಒಂದು ಸಲ ಎತ್ತು, ಬೈಯುವುದಿದ್ದರೆ ಬೈ, ಎತ್ತು. ಬಸ್ಸು ರಾಮಾಪುರದಲ್ಲಿ ಹತ್ತು ನಿಮಿಷ ನಿಂತಿತು, ಡ್ರೈವರು ಇಳಿದು ಟೀ ಕುಡಿದ.

ಆ ಟೀ ನೋಡಿದಾಗಲೇ ಅಜ್ಜಿ ಆಡಿದ ಉಳಿದ ಮಾತು ನೆನಪಾದದ್ದು, ಟೀ ಕುಡಿಯೋ ಒತ್ತು, ನಾಕ್ ಗಂಟ್ಗೆ, ಆಮೇಲೆ ಇನ್ನೂ ಏನೋ ಹೇಳುತ್ತಿದ್ದಳು, ತಾನು ಟೇಪು ಹರಿಯುವುದರಲ್ಲಿ ಮುಳುಗಿ ಹೂಂ ಹೂಂ ಎನ್ನುತ್ತಿದ್ದಳಷ್ಟೇ, ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ನಾವು ಎತ್ತಾಕಿಲ್ಲ ಕಣವ್ವ. ಎತ್ತಾಕಿಲ್ಲ, ದುಡ್ಡೋಯ್ತಿತ್ತಲ್ಲ ಆವಾಗ, ಅವತ್ತಿಂದ ಅಂಗೇ ರೂಡಿ ಆಗೋಗದೆ, ರಿಂಗಾದ್ರೆ ಸಾಕು, ಮಗ ಚೆನ್ನಾಗವ್ನೆ ಅಂತ. ಹಾಗಾದರೆ ಅವರು ಹೊರಗೆ ಹೋಗಿಲ್ಲ, ಮಲಗಿಲ್ಲ, ಕೇಳಿಸಿಕೊಳ್ಳುತ್ತಿದ್ದಾರೆ, ಒಂಬತ್ತು ಸಲವೂ ಕೇಳಿಸಿಕೊಂಡು, ನನ್ನ ಮಗ ಚೆನ್ನಾಗಿದ್ದಾನೆ ಎಂದು ನಕ್ಕು ಸುಮ್ಮನಾಗಿದ್ದಾರೆ. ಅಯ್ಯೋ ದೇವರೇ. ಚಾರ್ಜಿನಲ್ಲಿರುವ ಫೋನು ರಿಂಗಾದರೆ ಇನ್ನಷ್ಟು ಕಾಯುತ್ತದೆ, ದಿನಕ್ಕೆ ಹತ್ತು ಜನಕ್ಕೆ ಹೇಳುವ ಮಾತು ಅದು, ಚಾರ್ಜಿಗೆ ಹಾಕಿ ಮಾತಾಡಬೇಡಿ, ಬಿಸಿಯಾಗುತ್ತೆ — ಹೇಳುವವಳು ತಾನೇ ಹನೂರಿನಿಂದ ಇಲ್ಲಿಯವರೆಗೂ ಒಲೆಗೆ ಸೌದೆ ನೂಕುತ್ತ ಬಂದಿದ್ದಾಳೆ. ಫೋನನ್ನು ಬ್ಯಾಗಿನೊಳಗೆ ತುರುಕಿ ಜಿಪ್ಪು ಎಳೆದಳು, ಇನ್ನು ಮುಟ್ಟಬಾರದು. ಆದರೆ ಮಾತು ಅಲ್ಲಿಗೂ ಮುಗಿದಿರಲಿಲ್ಲ, ಇನ್ನೂ ಇತ್ತು, ಈಗ ಅದೂ ಬಂತು, ಬೇಡವೆಂದರೂ ಬಂತು: ಸೊಸೆ ಕೋಮಲ ಕೂಲಿಗೋಯ್ತಾಳೆ, ಕೂಸು ನನ್ ತಾವೇ, ಮೂರ್ ತಿಂಗ್ಳದು, ಅಪ್ಪನ ರಿಂಗು ಕೇಳುಸ್ಕಳ್ಲಿ ಅಂತ ಪೋನ್ನ ಜೋಲೀಲೇ ಮಡುಗ್ತೀವಿ ಕಣವ್ವ, ಗಿಣಿ ಕೂಗ್ದಂಗೆ ಕೂಗ್ತದಲ್ಲ, ಕೂಸು ನಗ್ತದೆ. ಜೋಲಿಯಲ್ಲಿ. ಸೀರೆಯ ಮಡಿಕೆಯೊಳಗೆ. ತಲೆಯ ಹತ್ತಿರವೋ ಕಾಲಿನ ಹತ್ತಿರವೋ. ಅದನ್ನು ಕೇಳಿಯೂ ಹೂಂ ಎಂದಿದ್ದಳು, ಟೇಪು ಒತ್ತುತ್ತ, ಸೂಜಿಮೊನೆಯಷ್ಟು ತೂತನ್ನು ಮುಚ್ಚುತ್ತ. ಗಂಟೆ ಮೂರೂ ನಲವತ್ತು. ನಾಲ್ಕಕ್ಕೆ ಮಾದೇಶ ರಿಂಗ್ ಕೊಡುತ್ತಾನೆ, ತಡೆಯಲು ಅವನ ನಂಬರಿಲ್ಲ, ಅದು ಅಜ್ಜಿಯ ಫೋನಿನೊಳಗಿದೆ, ಬೆಳಿಗ್ಗೆ ಪರದೆಯ ಮೇಲೆ ಮಗ ಎಂಬ ಎರಡಕ್ಷರದ ಪಕ್ಕ ಕಂಡಿತ್ತು. ಅಣ್ಣ, ಸ್ವಲ್ಪ ಬೇಗ ಹೋಗೋಕೆ ಹೇಳಿ ಡ್ರೈವರ್‌ಗೆ. ಯಾಕವ್ವ, ಯಾರ್ಗಾರಾ ಏನಾರ ಆಗದಾ. ಗೊತ್ತಿಲ್ಲಣ್ಣ ಎಂದಳು, ಎದ್ದು ಬಾಗಿಲ ಬಳಿ ನಿಂತಳು.

ಹುಣಸೇಮರ, ಇಳಿದಳು, ಚಪ್ಪಲಿ ಒಂದು ಜಾರಿ ಬಸ್ಸಿನ ಕೆಳಗೇ ಉಳಿಯಿತು, ಉಳಿಯಲಿ, ಜೋಳದ ಗರಿ ಮುಖಕ್ಕೆ ಹೊಡೆಯುತ್ತದೆ, ಹೊಗೆ ಕಾಣುತ್ತದೆಯೇ, ಇಲ್ಲ, ಹೊಗೆ ಇಲ್ಲ, ಶೀಟಿನ ಮೇಲೆ ಬಿಸಿಲು ಅಷ್ಟೇ, ಅಂಗಳದಲ್ಲಿ ಅಜ್ಜಿ ಕಾಲು ಚಾಚಿ ಕೂತು ಅವರೆ ಸುಲಿಯುತ್ತಿದ್ದಾಳೆ, ಕೂತಿದ್ದಾಳೆ, ನಗುತ್ತಿದ್ದಾಳೆ, ಏನೂ ಆಗಿಲ್ಲ, ಏನೂ ಆಗಿಲ್ಲ, ಅಳು ಒತ್ತರಿಸಿ ಬಂತು, ಅಜ್ಜೀ ಎನ್ನಲು ಬಾಯಿ ತೆರೆದರೆ ಅಜ್ಜಿಯೇ ತುಟಿಯ ಮೇಲೆ ಬೆರಳಿಟ್ಟಳು. ಮೆಲ್ಗೆ ಕಣವ್ವ, ಮೆಲ್ಗೆ, ಕೂಸು ಈಗ ಕಣ್ ಮುಚ್ಚದೆ, ಇದ್ಯಾಕವ್ವ ಬರಿಗಾಲಲ್ಲಿ ಬಂದಿದ್ದೀಯೆ, ನಿನ್ ಕೈಗೆ ಚಿನ್ನದ್ ಬಳೆ ತೊಡುಸ್ಬೇಕು, ಏನ್ ಚೆಂದಾಗಿ ಮಾಡ್ಕೊಟ್ಟಿದ್ದೀಯೆ, ಇವತ್ತು ನನ್ ಮಗ ಒಂಬತ್ ಸಲ ರಿಂಗ್ ಕೊಟ್ಟವ್ನೆ, ಬೆರಳು ಮಡುಚ್ಕಂಡು ಎಣುಸ್ಕಂಡಿದ್ದೀನಿ, ಯಾವತ್ತೂ ಇಂಗ್ ಮಾಡ್ದೋನಲ್ಲ, ಕೂಸಿನ್ ಗ್ಯಾನ ಬಂದದೆ ಅವನ್ಗೆ. ಭವ್ಯಶ್ರೀ ಅವಳನ್ನು ದಾಟಿದಳು, ಅವರೆಸಿಪ್ಪೆ ಕಾಲಡಿ ಚದುರಿತು, ಹೊಸ್ತಿಲು, ಒಳಗೆ ಕತ್ತಲೆ, ಬಿಸಿಲಿನಿಂದ ಬಂದ ಕಣ್ಣಿಗೆ ಏನೂ ಕಾಣದು, ಮೂಗಿಗೆ ಮೊದಲು ಗೊತ್ತಾಯಿತು, ಹಲಸಿನ ಹಣ್ಣು ಕಳಿತು ಕೆಟ್ಟ ಹಾಗೆ, ಬೆರಳಿನದೋ ಮನೆಯದೋ, ಬೆರಳಿನದೇ ಇರಲಿ, ಗೋಡೆಯ ಬೋರ್ಡಿನಿಂದ ಬಿಳಿ ವೈರು ಮೇಲೆ ಏರಿ ಜೋಲಿಯೊಳಗೆ ಹೋಗಿದೆ, ತೊಲೆಗೆ ಕಟ್ಟಿದ ಹಳೆ ನೀಲಿ ಸೀರೆ, ಕೂಸಿನ ಭಾರಕ್ಕೆ ಕೆಳಗೆ ಉಬ್ಬಿ ನಿಂತಿದೆ, ಅಲ್ಲಾಡುತ್ತಿಲ್ಲ, ಇನ್ನು ನಾಲ್ಕು ಹೆಜ್ಜೆ, ಆಗ ಗಿಣಿ ಕೂಗಿತು. ನೀಲಿ ಬಟ್ಟೆಯೊಳಗೆ ಬೆಳಕು ಹತ್ತಿತು. ಹಿಂದಿನಿಂದ ಅಜ್ಜಿಯ ದನಿ, ನೋಡ್ದಾ, ನಾಕ್ ಗಂಟೆ, ನನ್ ಮಗ. ಗಿಣಿ ಕೂಗುತ್ತಿದೆ, ಕೂಸು ನಗುತ್ತಿಲ್ಲ, ಬೆಳಕು ಹತ್ತಿ ಆರುತ್ತದೆ, ಹತ್ತಿ ಆರುತ್ತದೆ, ಹತ್ತಿದಾಗಲೆಲ್ಲ ಸೀರೆಯ ಮಡಿಕೆಯಲ್ಲಿ ಕಾಣುತ್ತದೆ, ಅಂಚು ಸುಟ್ಟು ಕಂದಿದ್ದು, ಸೂಜಿಮೊನೆಯಷ್ಟು ತೂತು.